ಬಿನ್ನಿಪೇಟೆಯ ಲೈಟ್ ಚೀಲ

ನಾನು ಕೆಲಸ ಕಲಿತ ಸ್ಟುಡಿಯೊದಲ್ಲಿ ಹೊರಊರಿನ ಮದುವೆಗೆ ಹೊರಡುವಾಗ ಲೈಟುಗಳನ್ನು ಸುತ್ತುತ್ತಿದ್ದುದು ಬಿನ್ನಿ ಮಿಲ್ಲಿನ ಉಣ್ಣೆ ರಗ್ಗಿನಲ್ಲಿ. ನಮ್ಮ ಪೇಟೆಯಲ್ಲಿ ಅದಕ್ಕೇನೂ ಬರವಿರಲಿಲ್ಲ. 1884ರಲ್ಲಿ ಶುರುವಾಗಿ, ಆಮೇಲೆ ಬಿನ್ನಿ ಕಂಪನಿಯ ಕೈಗೆ ಬಂದ ಮಿಲ್ಲು ಪೇಟೆಗೆ ಹೆಸರು ಕೊಟ್ಟಿತ್ತು, ಸುತ್ತಲಿನ ಮನೆಗಳಿಗೆ ಸಂಬಳ, ಸ್ಟುಡಿಯೊಗೆ ಗಿರಾಕಿಗಳನ್ನೂ ಕೊಟ್ಟಿತ್ತು. ಮಿಲ್ಲಿನವರ ಮಕ್ಕಳ ಮದುವೆ ಬಹುಪಾಲು ಅವರವರ ಊರಲ್ಲೇ, ಮಾಗಡಿ, ಕುಣಿಗಲ್ ಕಡೆಗೆ. ಹಾಗಾಗಿ ನಮ್ಮ ಕಸುಬಿನಲ್ಲಿ ಫೋಟೊ ತೆಗೆಯುವಷ್ಟೇ ದೊಡ್ಡ ವಿದ್ಯೆ ಚೀಲ ಕಟ್ಟುವುದು.

ಚೀಲ ಎಷ್ಟು ಭಾರ ಅನ್ನುವುದನ್ನು ತೀರ್ಮಾನಿಸುತ್ತಿದ್ದುದು ಹೋಗುವ ಊರಿನ ಕರೆಂಟು. ಅದಕ್ಕೆ ಮೊದಲು, ಕರೆಂಟೇ ಬೇಡದ ಕಾಲವೊಂದಿತ್ತು. 1887ರಲ್ಲಿ ಜರ್ಮನಿಯ ಅಡಾಲ್ಫ್ ಮೀಥೆ ಮತ್ತು ಯೊಹಾನ್ನೆಸ್ ಗೇಡಿಕೆ ಮೆಗ್ನೀಸಿಯಂ ಪುಡಿಗೆ ಪೊಟಾಸಿಯಂ ಕ್ಲೋರೇಟ್ ಬೆರೆಸಿ ಫ್ಲ್ಯಾಶ್ ಪುಡಿ ಮಾಡಿದರು. ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಒಯ್ದು ಸ್ಥಳದಲ್ಲೇ ಬೆರೆಸಬೇಕು. ದಾರಿಯಲ್ಲಿ ಒಂದಾದರೆ ಚೀಲವೂ ಉಳಿಯದು, ಚೀಲ ಹೊತ್ತವನೂ ಉಳಿಯ. 1929ರಲ್ಲಿ, ಅದೂ ಜರ್ಮನಿಯಲ್ಲೇ, ಫ್ಲ್ಯಾಶ್ ಬಲ್ಬು ಬಂತು. ಹೊಗೆ ತಪ್ಪಿತು, ಆದರೆ ಒಂದು ಫೋಟೊಗೆ ಒಂದು ಬಲ್ಬು. ಅಮೆರಿಕದ ಎಂಐಟಿಯಲ್ಲಿ ಹೆರಾಲ್ಡ್ ಎಡ್ಗರ್ಟನ್ 1930ರ ದಶಕದಲ್ಲಿ ಎಲೆಕ್ಟ್ರಾನಿಕ್ ಫ್ಲ್ಯಾಶನ್ನು ಪಳಗಿಸಿದ ಮೇಲೆ ಒಂದೇ ಟ್ಯೂಬು ಸಾವಿರಾರು ಸಲ ಮಿಂಚತೊಡಗಿತು. ರಾತ್ರಿ ಸಂಚಾರದ ಪ್ರಾಣಿಪಕ್ಷಿಗಳನ್ನು ಅಂಥ ಬೆಳಕಿನಲ್ಲಿ ಹಿಡಿದ ನಮ್ಮ ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರ ಚಿತ್ರಗಳನ್ನು ನೋಡಿದಾಗೆಲ್ಲ ಕಾಡಿನ ತನಕ ಆ ಸಾಮಾನು ಹೊತ್ತವರು ಯಾರಪ್ಪಾ ಅನ್ನಿಸುತ್ತದೆ. ಸಾಮಾನು ಹೊತ್ತವನ ಬುದ್ಧಿ ಇದು.

ಯಾಕೆಂದರೆ ನಾನು ಕೆಲಸಕ್ಕೆ ಬಂದದ್ದು ವಿಡಿಯೊ ಕಾಲದಲ್ಲಿ, 1980ರ ದಶಕದಲ್ಲಿ, ಲೈಟ್ ಹಿಡಿಯುವ ಹುಡುಗನಾಗಿ. 1000 ವ್ಯಾಟಿನ ಎರಡು ಹಾಲೋಜನ್ ಲೈಟು. ಒಂದೊಂದೂ ನಾಲ್ಕು ಆಂಪಿಯರ್ ಮೀರಿ ಎಳೆಯುತ್ತದೆ, ಹಳ್ಳಿಮನೆಯ ಪ್ಲಗ್ಗು ಐದು ಆಂಪಿಯರಿನದು. ಎರಡನ್ನೂ ಒಂದೇ ಪ್ಲಗ್ಗಿಗೆ ಕೊಟ್ಟರೆ ಧಾರೆಯ ಹೊತ್ತಿಗೆ ಫ್ಯೂಸ್ ಹೋಯಿತೆಂದೇ ಲೆಕ್ಕ. ಅದಕ್ಕೆ ಚೀಲದಲ್ಲಿ ಫ್ಯೂಸ್ ವೈರು, ಟೆಸ್ಟರು, ಒಂದು ಬೆಂಕಿಪೊಟ್ಟಣ. ಬೀಡಿಗಲ್ಲ, ಪಿನ್ ಹೊಂದದ ಕಡೆ ವೈರಿನ ಬರಿ ತುದಿಗಳನ್ನು ತೂತಿಗೆ ಇಳಿಸಿ ಕಡ್ಡಿ ಸಿಕ್ಕಿಸುವುದಕ್ಕೆ. ಇವತ್ತು ನೆನೆಸಿಕೊಂಡರೆ ಮೈ ಜುಂ ಅನ್ನುತ್ತದೆ.

ಹಾಲೋಜನ್ ಟ್ಯೂಬನ್ನು ಬರಿಗೈಲಿ ಮುಟ್ಟುವಂತಿರಲಿಲ್ಲ. ಬೆರಳಿನ ಜಿಡ್ಡು ಕೂತ ಜಾಗ ಕಾವಿಗೆ ಮಂಕಾಗಿ ಟ್ಯೂಬು ಒಡೆಯುತ್ತದೆ. ನಮ್ಮ ಗುರುಗಳು ಒಂದೊಂದನ್ನೂ ಕಾಗದದಲ್ಲಿ ಸುತ್ತಿ ಊದುಬತ್ತಿಯ ಖಾಲಿ ಕೊಳವೆಯೊಳಗೆ ಇಡುತ್ತಿದ್ದರು. ಹಾಗಾಗಿ ಲೈಟು ಹತ್ತಿಸಿದಾಗ ಮೊದಲು ಮಲ್ಲಿಗೆ ವಾಸನೆ, ಆಮೇಲೆ ಸುಟ್ಟ ಧೂಳಿನ ವಾಸನೆ. ಸ್ಟ್ಯಾಂಡು ಬೀಳದಿರಲು ಭಾರ ಬೇಕು, ಆದರೆ ಅದನ್ನು ಬಸ್ಸಿಗೆ ಹೇರಿ ಲಗೇಜ್ ಟಿಕೆಟ್ ಯಾಕೆ ಕೊಡಬೇಕು? ಖಾಕಿ ಬಟ್ಟೆಯ ಖಾಲಿ ಚೀಲಗಳನ್ನು ಮಡಿಸಿ ಒಯ್ದು, ಅಲ್ಲೇ ಮರಳು ತುಂಬಿಸುತ್ತಿದ್ದೆವು. ಈಗ ಸ್ಯಾಂಡ್‌ಬ್ಯಾಗ್ ಅಂತ ದುಡ್ಡು ಕೊಟ್ಟು ಕೊಳ್ಳುತ್ತಾರೆ.

ಇಷ್ಟಾದರೂ ವೋಲ್ಟೇಜ್ ನಮ್ಮ ಕೈಲಿರಲಿಲ್ಲ. ಶಿವನಸಮುದ್ರದ ಕರೆಂಟು ಬೆಂಗಳೂರಿನ ಬೀದಿದೀಪಕ್ಕೆ ಬಂದದ್ದು 1905ರಲ್ಲಿ. ನಾವು ಹೋಗುತ್ತಿದ್ದ ಊರುಗಳಿಗೆ ಎಷ್ಟೋ ದಶಕದ ಮೇಲೆ, ಅದೂ ಸೋತು ಸುಣ್ಣವಾಗಿ. 230 ಇರಬೇಕಾದದ್ದು 180ಕ್ಕೆ ಇಳಿದರೆ ಹಾಲೋಜನ್ ಬೆಳಕು ಅರ್ಧಕ್ಕೂ ಕಡಿಮೆ, ಅದೂ ಕೆಂಪುಕೆಂಪು. ಮದುಮಗಳ ಬಿಳಿ ಧಾರೆ ಸೀರೆ ಅರಿಶಿನದಲ್ಲಿ ಅದ್ದಿದ ಹಾಗೆ ಕಾಣುತ್ತಿತ್ತು.

ಸ್ಟಿಲ್ ಫೋಟೊದವರನ್ನು ಈ ಗೋಡೆಯ ಪ್ಲಗ್ಗಿನ ಹಂಗಿನಿಂದ ಬಿಡಿಸಿದ್ದು ನಾಲ್ಕು ಪೆನ್ಸಿಲ್ ಸೆಲ್ಲಿನ ವಿವಿಟಾರ್ 283. ಎಪ್ಪತ್ತರ ದಶಕದಲ್ಲಿ ಬಂದ ಆ ಫ್ಲ್ಯಾಶು ಹಳೆಯದು ಸಿಕ್ಕರೂ ಸಾಕೆಂದು ನಾವೂ ಕಾದೆವು. ಎರಡು ಫ್ಲ್ಯಾಶು, ಒಂದು ಬಿಳಿ ಕೊಡೆ, ಒಂದು ಸಿಂಕ್ ವೈರು: ಹೆಗಲ ಚೀಲದಲ್ಲೇ ಇಡೀ ಸ್ಟುಡಿಯೊ. ಮೊದಲ ತಯಾರಿಕೆಯವುಗಳ ಟ್ರಿಗರ್ ವೋಲ್ಟೇಜ್ 200 ದಾಟುತ್ತದೆ. ಡಿಜಿಟಲ್ ಕ್ಯಾಮೆರಾ ಮೇಲೆ ಕೂರಿಸಿದರೆ ಅದರ ಸರ್ಕ್ಯೂಟು ಸುಡಬಹುದು. ಮನೆಯಲ್ಲಿ ಅಜ್ಜನ ಕಾಲದ್ದಿದ್ದರೆ ಷೋಕೇಸಿನಲ್ಲಿರಲಿ.

ಮಿಲ್ಲು ಮುಚ್ಚಿ ಅಲ್ಲಿ ಅಪಾರ್ಟ್‌ಮೆಂಟು, ಮಾಲು ಎದ್ದವು. ಗಿರಾಕಿಗಳ ಮದುವೆ ಗೋವಾ, ಉದಯಪುರಕ್ಕೆ ಹೋಯಿತು. ಚೀಲ ಬಸ್ಸಿನ ತಲೆಯಿಂದ ವಿಮಾನಕ್ಕೆ ಹೋಯಿತು. ನಮ್ಮ ಹುಡುಗರು ಒಯ್ಯುವ ಗೋಡಾಕ್ಸ್ ಎಡಿ200 ಒಂದು ಕಿಲೊದ ಆಸುಪಾಸು. ಅದರ ಲಿಥಿಯಂ ಬ್ಯಾಟರಿ ಸುಮಾರು 42 ವ್ಯಾಟ್ ಅವರ್. ವಿಮಾನದಲ್ಲಿ 100ರೊಳಗಿನದಕ್ಕೆ ತಕರಾರಿಲ್ಲ, ಆದರೆ ಬಿಡಿ ಬ್ಯಾಟರಿ ಕೈಚೀಲದಲ್ಲೇ ಇರಬೇಕು, ತುದಿಗೆ ಟೇಪ್ ಅಂಟಿಸಿರಬೇಕು. ಸ್ಟ್ಯಾಂಡು, ಕೊಡೆ ಲಗೇಜಿಗೆ. ಹೀಗೆ ಬ್ಯಾಟರಿಯನ್ನೂ ಲೈಟನ್ನೂ ಬೇರೆ ಬೇರೆ ಕಟ್ಟುವಾಗ ನನಗೆ ಮೀಥೆ, ಗೇಡಿಕೆಯ ಎರಡು ಡಬ್ಬಿ ನೆನಪಾಗಿ ನಗು ಬರುತ್ತದೆ.

ಹುಡುಗರು ವೈರು ಒಯ್ಯುವುದಿಲ್ಲ. ಉದ್ದನೆಯ ಎಕ್ಸ್‌ಟೆನ್ಷನ್ ಬಾಕ್ಸನ್ನು ನಾನೇ ಹಾಕಿಸುತ್ತೇನೆ. ಪ್ಲಗ್ ಪಾಯಿಂಟನ್ನು ಮಂಚದ ಹಿಂದೆ ಇಟ್ಟಿರುವ ಹೋಟೆಲುಗಳು ಉದಯಪುರದಲ್ಲೂ ಇವೆ.