ಬಸುರಿಗೆ ಮದ್ದೋ, ಬೇಡಿಯೋ?

ಹೆರಾಯಿನ್ ಚಟಕ್ಕೆ ಬಿದ್ದ ಹೆಂಗಸು ಬಸುರಾದಳೆಂದರೆ ಸುತ್ತಲಿನವರೆಲ್ಲ ಕೊಡುವ ಸಲಹೆ ಒಂದೇ: ಇವತ್ತೇ ಬಿಟ್ಟುಬಿಡು. ವೈದ್ಯರು ಮಾತ್ರ ಇದಕ್ಕೆ ಒಪ್ಪುವುದಿಲ್ಲ. ಒಗ್ಗಿಹೋದ ಮಾದಕವಸ್ತು ಏಕಾಏಕಿ ನಿಂತರೆ ತಾಯಿ ಪಡುವ ಯಾತನೆ ಗರ್ಭದಲ್ಲಿರುವ ಶಿಶುವಿಗೂ ತಟ್ಟುತ್ತದೆ. ಗರ್ಭಪಾತವಾಗಬಹುದು, ದಿನ ತುಂಬುವ ಮೊದಲೇ ಹೆರಿಗೆಯಾಗಬಹುದು. ಹಟ ಹಿಡಿದು ಬಿಟ್ಟವರಲ್ಲೂ ಹಲವರು ಕೆಲವೇ ವಾರಗಳಲ್ಲಿ ಮತ್ತೆ ಅದಕ್ಕೇ ಮರಳುತ್ತಾರೆ.

ಈ ಇಕ್ಕಟ್ಟಿಗೆ ಒಂದು ದಾರಿ ಕಂಡದ್ದು ಅಮೆರಿಕದಲ್ಲಿ. ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ವೈದ್ಯ ವಿನ್ಸೆಂಟ್ ಡೋಲ್ ಮತ್ತು ಮನೋವೈದ್ಯೆ ಮೇರಿ ನೈಸ್ವಾಂಡರ್ 1964ರಲ್ಲಿ ಹೆರಾಯಿನ್ ವ್ಯಸನಿಗಳಿಗೆ ಮೆಥಡೋನ್ ಎಂಬ ಬದಲಿ ಔಷಧವನ್ನು ಕೊಟ್ಟು ನೋಡಿದರು. ಸರಿಯಾದ ಪ್ರಮಾಣದಲ್ಲಿ ದಿನಕ್ಕೊಮ್ಮೆ ಕುಡಿದರೆ ಅಮಲೂ ಏರುವುದಿಲ್ಲ, ನರಳಾಟವೂ ಇರುವುದಿಲ್ಲ. ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದು ಮಲಗಬೇಕಾಗಿಲ್ಲ. ಬೆಳಿಗ್ಗೆ ಬಂದು ಔಷಧ ಕುಡಿದು ಮನೆಗೆ ಹೋಗಬಹುದು.

ಹೆಂಗಸರ ಪಾಲಿಗೆ ಈ ಕೊನೆಯ ಸೌಲಭ್ಯವೇ ದೊಡ್ಡದು. ಮನೆಯಲ್ಲಿ ಇನ್ನಿಬ್ಬರು ಮಕ್ಕಳಿರುವ ತಾಯಿಗೆ ತಿಂಗಳುಗಟ್ಟಲೆ ಒಳರೋಗಿಯಾಗಿರು ಎಂದರೆ ಆ ಮಕ್ಕಳನ್ನು ನೋಡಿಕೊಳ್ಳುವವರು ಯಾರು? ಫಿಲಡೆಲ್ಫಿಯಾದ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿದ್ದ ನವಜಾತ ಶಿಶುಗಳ ವೈದ್ಯೆ ಲೊರೆಟಾ ಫಿನ್ನೆಗನ್ 1970ರ ದಶಕದಲ್ಲಿ ನಡೆಸಿದ 'ಫ್ಯಾಮಿಲಿ ಸೆಂಟರ್' ಇದನ್ನು ಅರಿತಿತ್ತು. ಮೆಥಡೋನ್, ಬಸುರಿಯ ತಪಾಸಣೆ, ಆಪ್ತ ಸಲಹೆ, ಹುಟ್ಟಿದ ಮಗುವಿನ ಆರೈಕೆ ಎಲ್ಲವೂ ಅಲ್ಲಿ ಒಟ್ಟಿಗೇ ಸಿಗುತ್ತಿತ್ತು. 1977ರಲ್ಲಿ ಆ ಆಸ್ಪತ್ರೆ ಮುಚ್ಚಿತು. ಫಿನ್ನೆಗನ್ ರೂಪಿಸಿ 1975ರಲ್ಲಿ ಪ್ರಕಟಿಸಿದ ಅಂಕಪಟ್ಟಿ ಮಾತ್ರ ಉಳಿಯಿತು. ಕೀರಲು ಅಳು, ನಡುಕ, ಸೀನು, ಆಕಳಿಕೆ, ಹಾಲು ಕುಡಿಯಲಾಗದ ಚಡಪಡಿಕೆ ಮುಂತಾದ ಲಕ್ಷಣಗಳಿಗೆ ಇಷ್ಟಿಷ್ಟು ಅಂಕ ಕೊಟ್ಟು ದಾದಿಯರು ಮಗುವಿನ ಸ್ಥಿತಿಯನ್ನು ಅಳೆಯುತ್ತಾರೆ. ಔಷಧ ಬೇಕೇ ಬೇಡವೇ ಎಂಬುದು ಊಹೆಗೆ ಬಿಟ್ಟ ವಿಷಯವಾಗಿ ಉಳಿಯಲಿಲ್ಲ.

1980ರ ದಶಕದಲ್ಲಿ ಅಗ್ಗದ ಕೊಕೇನ್ 'ಕ್ರ್ಯಾಕ್' ಅಮೆರಿಕದ ಬಡ ಬಡಾವಣೆಗಳಿಗೆ ನುಗ್ಗಿದಾಗ ಗಾಳಿ ದಿಕ್ಕು ಬದಲಿಸಿತು. ಕೊಕೇನ್‌ಗೆ ಮೆಥಡೋನ್‌ನಂಥ ಬದಲಿ ಇರಲಿಲ್ಲ. 1985ರಲ್ಲಿ ಷಿಕಾಗೊ ವೈದ್ಯ ಇರಾ ಚಾಸ್ನಾಫ್ ಕೇವಲ 23 ಹೆಂಗಸರನ್ನು ಗಮನಿಸಿ ಬರೆದ ವರದಿಯನ್ನು ಪತ್ರಿಕೆಗಳು, ಟೀವಿ ವಾಹಿನಿಗಳು ಎತ್ತಿಕೊಂಡು 'ಕ್ರ್ಯಾಕ್ ಶಿಶು'ಗಳ ಒಂದು ಪೀಳಿಗೆಯೇ ಹಾಳಾಯಿತೆಂದು ಹುಯಿಲೆಬ್ಬಿಸಿದವು. ಪತ್ರಿಕೋದ್ಯಮಕ್ಕೆ ಇದೇನೂ ಹೆಮ್ಮೆಯ ಅಧ್ಯಾಯವಲ್ಲ.

ಹುಯಿಲಿನ ಫಲ ಕಂಡದ್ದು ದಕ್ಷಿಣ ಕೆರೊಲಿನಾದ ಚಾರ್ಲ್‌ಸ್ಟನ್ ನಗರದಲ್ಲಿ. 1989ರಲ್ಲಿ ಅಲ್ಲಿನ ವೈದ್ಯಕೀಯ ವಿಶ್ವವಿದ್ಯಾಲಯದ ಆಸ್ಪತ್ರೆಯು ಪೊಲೀಸರು ಮತ್ತು ಸರ್ಕಾರಿ ವಕೀಲರ ಜತೆ ಸೇರಿ ಒಂದು ಕ್ರಮ ಜಾರಿಗೆ ತಂದಿತು. ಸಂಶಯ ಬಂದ ಬಸುರಿಯರ ಮೂತ್ರವನ್ನು ಕೊಕೇನ್‌ಗಾಗಿ ಪರೀಕ್ಷಿಸಿ, ಫಲಿತಾಂಶವನ್ನು ಪೊಲೀಸರಿಗೆ ತಿಳಿಸುವುದು. ಮೊದಮೊದಲು ನೇರ ಬಂಧನ. 1990ರಿಂದ ಚಿಕಿತ್ಸೆಗೆ ಹೋಗುವ ಅವಕಾಶವನ್ನೂ ಸೇರಿಸಿದರು. ಆದರೆ ಸಲಹೆಗಾರರ ಬಳಿ ಹೋಗುವುದು ಒಮ್ಮೆ ತಪ್ಪಿದರೂ ಪೊಲೀಸರಿಗೆ ಸುದ್ದಿ! ಹೆತ್ತ ಹಸಿಮೈಯಲ್ಲೇ ಬೇಡಿ ತೊಟ್ಟು ಹೊರಟವರಿದ್ದರು. ಬಂಧಿತರಾದ 30 ಮಂದಿಯಲ್ಲಿ 29 ಮಂದಿ ಕರಿಯರು.

ಹತ್ತು ಮಹಿಳೆಯರು 1993ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. ಮರುವರ್ಷ ಆಸ್ಪತ್ರೆ ಆ ಕ್ರಮವನ್ನು ಕೈಬಿಟ್ಟಿತು. 2001ರಲ್ಲಿ ಸುಪ್ರೀಂ ಕೋರ್ಟು, ಒಪ್ಪಿಗೆಯಿಲ್ಲದೆ ಪೊಲೀಸರಿಗಾಗಿ ನಡೆಸಿದ ಇಂಥ ಪರೀಕ್ಷೆ ಸಂವಿಧಾನಕ್ಕೆ ವಿರುದ್ಧವೆಂದು 6-3 ಬಹುಮತದಿಂದ ತೀರ್ಪಿತ್ತಿತು. ಜೈಲಿನ ಭಯಕ್ಕೆ ಬಸುರಿಯರು ವೈದ್ಯರ ಬಳಿಗೇ ಬರಲಾರರು ಎಂದು ಅಮೆರಿಕದ ವೈದ್ಯರ ಸಂಘ 1990ರಲ್ಲೇ ಎಚ್ಚರಿಸಿತ್ತು.

ಆ 'ಹಾಳಾದ ಪೀಳಿಗೆ' ಏನಾಯಿತು? ಫಿಲಡೆಲ್ಫಿಯಾದಲ್ಲೇ ವೈದ್ಯೆ ಹಾಲಮ್ ಹರ್ಟ್ 1989ರಿಂದ 1992ರ ನಡುವೆ ಹುಟ್ಟಿದ 224 ಬಡ ಶಿಶುಗಳನ್ನು ಆಯ್ದುಕೊಂಡರು. ಸುಮಾರು ಅರ್ಧದಷ್ಟು ಮಕ್ಕಳ ತಾಯಂದಿರು ಕೊಕೇನ್ ಬಳಸಿದ್ದವರು, ಉಳಿದವರು ಬಳಸದವರು. ಎರಡು ದಶಕ ಕಾದು ನೋಡಿದರೂ ಎರಡು ಗುಂಪುಗಳ ಬುದ್ಧಿಮತ್ತೆಯಲ್ಲಿ ಹೇಳಿಕೊಳ್ಳುವ ಅಂತರ ಸಿಗಲಿಲ್ಲ. ಎರಡೂ ಗುಂಪು ಸರಾಸರಿಗಿಂತ ಕೆಳಗಿದ್ದವು. ಕೊಕೇನ್‌ಗಿಂತ ಬಡತನದ ಪೆಟ್ಟೇ ಬಲವಾದದ್ದು ಎಂದು ಹರ್ಟ್ ತಂಡ ಹೇಳಿತು.

ಇಷ್ಟಾದರೂ ಪಾಠ ಎಲ್ಲರಿಗೂ ಹತ್ತಲಿಲ್ಲ. ನೋವುನಿವಾರಕ ಗುಳಿಗೆಗಳ ಹಾವಳಿ ಎದ್ದಾಗ ಟೆನೆಸಿ ರಾಜ್ಯವು 2014ರಲ್ಲಿ, ಮಾದಕವಸ್ತುವಿನಿಂದ ಮಗುವಿಗೆ ಹಾನಿಯಾದರೆ ತಾಯಿಯ ಮೇಲೆ ಹಲ್ಲೆಯ ಮೊಕದ್ದಮೆ ಹೂಡುವ ಕಾಯ್ದೆ ಮಾಡಿತು. ಎರಡು ವರ್ಷದ ಅವಧಿ ಮುಗಿದ ಮೇಲೆ ಶಾಸಕರು ಅದನ್ನು ಮುಂದುವರಿಸಲಿಲ್ಲ.