ಬರವನ್ನು ನೆನೆದು ಕಟ್ಟಿದ ಅಡುಗೆಮನೆ

ಕೊಪ್ಪಳ ಸೀಮೆಯ ಹಳೆಯ ಮಾಳಿಗೆ ಮನೆಯೊಂದರ ಅಡುಗೆಮನೆಯನ್ನು ಅಳತೆ ಹಾಕಿ ನೋಡಿ. ಹತ್ತಡಿ ಉದ್ದ, ಎಂಟಡಿ ಅಗಲ ಇದ್ದರೆ ಅದೇ ದೊಡ್ಡದು. ಕಿಟಕಿ ಇರುವುದು ಅಪರೂಪ. ಮೇಲೆ ಮಾಳಿಗೆಯಲ್ಲೊಂದು ಬೆಳಕಿಂಡಿ, ಅಷ್ಟೆ. ಇಷ್ಟೇ ಜಾಗದಲ್ಲಿ ಹತ್ತು ಹನ್ನೆರಡು ಜನರಿಗೆ ಎರಡು ಹೊತ್ತೂ ರೊಟ್ಟಿ ಬೇಯುತ್ತಿತ್ತು. ವರ್ಷಕ್ಕಾಗುವಷ್ಟು ಕಾಳುಕಡಿ, ಖಾರ, ಉಪ್ಪು, ಬೆಲ್ಲ, ಉಪ್ಪಿನಕಾಯಿ, ಮುಂದಿನ ಬಿತ್ತನೆಯ ಬೀಜ, ದಿನದ ಹಾಲು ಮೊಸರು, ಎಲ್ಲಕ್ಕೂ ಅಲ್ಲಿ ಸ್ಥಳವಿತ್ತು. ಇಂದು ಗಂಗಾವತಿಯ ಹೊಸ ಬಡಾವಣೆಗಳಲ್ಲಿ ಅದಕ್ಕಿಂತ ದೊಡ್ಡ ಅಡುಗೆಮನೆ ಕಟ್ಟಿಸಿದವರೂ ಸಾಮಾನು ಇಡಲು ಜಾಗ ಸಾಲದೆಂದು ಗೊಣಗುವುದನ್ನು ಕೇಳುತ್ತೇವೆ. ಹಿಂದಿನವರು ಇದನ್ನು ಹೇಗೆ ಹೊಂದಿಸಿದ್ದರು?

ಉತ್ತರದ ಮೊದಲ ಭಾಗ ಗೋಡೆಯಲ್ಲಿದೆ. ಕಲ್ಲು ಮಣ್ಣಿನ ಆ ಗೋಡೆಗಳು ಎರಡರಿಂದ ಮೂರು ಅಡಿ ದಪ್ಪ. ಬೇಸಗೆಯ ಬಿಸಿಲನ್ನು ತಡೆಯಲು ಮತ್ತು ಮಣ್ಣಿನ ಮಾಳಿಗೆಯ ಭಾರ ಹೊರಲು ಅಷ್ಟು ದಪ್ಪ ಬೇಕಾಗಿತ್ತು. ಆದರೆ ಒಮ್ಮೆ ಕಟ್ಟಿದ ಮೇಲೆ ಆ ದಪ್ಪ ಸುಮ್ಮನೆ ಬಿದ್ದಿರಲಿಲ್ಲ. ಗೋಡೆಯೊಳಗೇ ಒಂದಡಿ, ಒಂದೂವರೆ ಅಡಿ ಆಳಕ್ಕೆ ಮಾಡಗಳನ್ನು ಬಿಡುತ್ತಿದ್ದರು. ಒಲೆಯ ಪಕ್ಕದ ಮಾಡದಲ್ಲಿ ಉಪ್ಪು, ಬೆಂಕಿಪೆಟ್ಟಿಗೆ; ಅಲ್ಲಿ ಅವು ಮಳೆಗಾಲದಲ್ಲೂ ಬೆಚ್ಚಗಿದ್ದು ನೀರೊಡೆಯುವುದಿಲ್ಲ. ಬಾಗಿಲ ಬದಿಯ ಮಾಡದಲ್ಲಿ ದೀಪ. ಎತ್ತರದ ಮಾಡದಲ್ಲಿ ಮಕ್ಕಳ ಕೈಗೆ ಸಿಗಬಾರದ ಬೆಲ್ಲ. ನೆಲದ ಒಂದಂಗುಲವೂ ಖರ್ಚಾಗದೆ ಕಪಾಟು ಸಿದ್ಧವಾಗುತ್ತಿತ್ತು. ಇಂದಿನ ಒಂಬತ್ತಂಗುಲದ ಇಟ್ಟಿಗೆ ಗೋಡೆಯಲ್ಲಿ, ಅದಕ್ಕೂ ತೆಳುವಾದ ಸಿಮೆಂಟ್ ಇಟ್ಟಿಗೆಯ ಗೋಡೆಯಲ್ಲಿ, ಮಾಡ ಕೊರೆಯುವಂತಿಲ್ಲ. ಗೋಡೆ ತೆಳುವಾದಂತೆ ಅದರೊಳಗಿದ್ದ ಸಾಮಾನು ಹೊರಬಂದು ಕೋಣೆಯ ಜಾಗವನ್ನು ಕೇಳತೊಡಗಿತು. ಹೊಸ ಅಡುಗೆಮನೆ ಇಕ್ಕಟ್ಟೆನಿಸುವುದಕ್ಕೆ ಇದೊಂದು ಕಾರಣವೆಂದು ನನ್ನ ಎಣಿಕೆ. ಮನೆ ಕಟ್ಟಿಸುವವರು ಇದನ್ನು ಲೆಕ್ಕಕ್ಕೆ ಹಿಡಿಯುವುದು ಕಡಿಮೆ.

ಎರಡನೆಯದು ತಲೆಯ ಮೇಲಿನ ಜಾಗ. ಜಂತಿಗೆ ಕಟ್ಟಿದ ಹಗ್ಗದ ನೆಲುವಿನಲ್ಲಿ ಹಾಲು, ಮೊಸರು, ಬೆಣ್ಣೆಯ ಗಡಿಗೆಗಳು ತೂಗುತ್ತಿದ್ದವು. ಬೆಕ್ಕು ಇರುವೆಗಳಿಂದ ಕಾಪಾಡುವುದಕ್ಕೆ ಅದು ಎಂಬುದು ಎಲ್ಲರಿಗೂ ಗೊತ್ತು. ಒಲೆಯ ನೇರಕ್ಕೆ ಜಂತಿಯಿಂದ ತೂಗಿಬಿಟ್ಟ ಜೋಳದ ತೆನೆಗಳ ವಿಷಯ ಅಷ್ಟಾಗಿ ಗೊತ್ತಿಲ್ಲ. ಅವು ಬೀಜದ ತೆನೆಗಳು. ದಿನವೂ ಹೊಗೆ ಹಿಡಿದು ಕಪ್ಪಾದ ತೆನೆಗೆ ಹುಳು ಹತ್ತುತ್ತಿರಲಿಲ್ಲ. ಸವತೆ, ಹೀರೆಯಂಥ ಬೀಜಗಳನ್ನು ಬೂದಿ ಬೆರೆಸಿ ಇಡುವುದು, ಸಗಣಿಯಲ್ಲಿ ಒತ್ತಿ ಗೋಡೆಗೆ ಬಡಿದು ಒಣಗಿಸುವುದು, ಒಣಗಿದ ಸೋರೆಬುರುಡೆಯಲ್ಲಿ ತುಂಬಿಡುವುದು ಇವೆಲ್ಲ ಹೆಂಗಸರ ವಿದ್ಯೆ. ಹೊಲದ ಮುಂದಿನ ವರ್ಷ ಅಡುಗೆಮನೆಯ ಸೂರಿನಲ್ಲಿ ತೂಗುತ್ತಿತ್ತು.

ಮೂರನೆಯದು ಮೂಲೆ. ಮೂಲೆಗೆ ಆತು ನಿಂತ ಅಡಕಲ ಗಡಿಗೆಗಳನ್ನು ಕಂಡವರು ಈಗ ವಯಸ್ಸಾದವರು ಮಾತ್ರ. ತಳದಲ್ಲಿ ದೊಡ್ಡ ಗಡಿಗೆ, ಅದರ ಮೇಲೆ ಅದಕ್ಕಿಂತ ಸಣ್ಣದು, ಮತ್ತೂ ಸಣ್ಣದು. ಹೀಗೆ ಐದಾರು ಗಡಿಗೆಗಳ ಸಾಲು ಆಳೆತ್ತರಕ್ಕೆ ಏರುತ್ತಿತ್ತು. ಮೇಲಿನ ಗಡಿಗೆಯ ತಳವೇ ಕೆಳಗಿನ ಗಡಿಗೆಯ ಮುಚ್ಚಳ. ಎರಡು ಚದರಡಿ ನೆಲದಲ್ಲಿ ತೊಗರಿ, ಕಡಲೆ, ಹೆಸರು, ಅಲಸಂದಿ, ಮೆಣಸಿನಕಾಯಿ ಎಲ್ಲ ಬೇರೆ ಬೇರೆಯಾಗಿ ಕುಳಿತವು. ದಿನವೂ ಬೇಕಾದದ್ದು ಮೇಲೆ, ಅಪರೂಪಕ್ಕೆ ಬೇಕಾದದ್ದು ಕೆಳಗೆ. ತಳದ ಗಡಿಗೆಯನ್ನು ತೆರೆಯಬೇಕಾದರೆ ಎಲ್ಲವನ್ನೂ ಇಳಿಸಬೇಕು. ಕದ್ದು ಇಳಿಸಲು ಆಗುವುದಿಲ್ಲ. ಆದ್ದರಿಂದಲೇ ಗೃಹಿಣಿ ತನ್ನ ನಾಲ್ಕು ಕಾಸನ್ನು ಕಾಳಿನ ಗಡಿಗೆಯಲ್ಲಿ ಹೂತಿಡುತ್ತಿದ್ದುದು. ಬಹಳ ಮನೆಗಳಲ್ಲಿ ಹೆಂಗಸಿಗೆ ತನ್ನದೆಂದು ಇದ್ದ ಪೆಟ್ಟಿಗೆ ಅದೊಂದೇ.

ಗಡಿಗೆಯ ಈ ಸಂಸಾರ ಬಹಳ ಹಳೆಯದು. ತುಂಗಭದ್ರೆಯ ಆಚೆ, ಸಿರುಗುಪ್ಪ ಸೀಮೆಯ ತೆಕ್ಕಲಕೋಟೆಯಲ್ಲಿ 1963ರಿಂದ 1965ರ ನಡುವೆ ಎಂ.ಎಸ್. ನಾಗರಾಜರಾವ್ ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ದುಂಡು ಗುಡಿಸಲುಗಳ ನೆಲೆ, ಒಲೆ, ಗಡಿಗೆಗಳು ಬೆಳಕಿಗೆ ಬಂದವು. ಒಂದೇ ಕೋಣೆಯಲ್ಲಿ ಒಲೆಯನ್ನೂ ದವಸವನ್ನೂ ಮಲಗುವ ಜಾಗವನ್ನೂ ಹೊಂದಿಸುವ ಸಮಸ್ಯೆ ಆಗಲೇ ಇತ್ತು. ಮುಂದೆ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ, ಎರಡನೆಯ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ವಾಸ್ತು, ಅಡುಗೆ, ಬಾವಿಯ ನೀರು ಕಂಡುಹಿಡಿಯುವ ಬಗೆ, ಮರಗಿಡಗಳ ಆರೈಕೆ ಎಲ್ಲ ಒಂದೇ ಪುಸ್ತಕದಲ್ಲಿ ಬರುತ್ತವೆ. ಮನೆ, ನೀರು, ಬೆಳೆ, ಅಡುಗೆ ಬೇರೆ ಬೇರೆ ಶಾಸ್ತ್ರವೆಂದು ಆತ ಬಗೆಯಲಿಲ್ಲ. ಬರದ ನಾಡಿನಲ್ಲಿ ಹಾಗೆ ಬಗೆಯಲೂ ಬಾರದು.

ಇನ್ನು ನಾಲ್ಕನೆಯ ಜಾಗ, ಎಲ್ಲಕ್ಕಿಂತ ದೊಡ್ಡದು, ಕಣ್ಣಿಗೆ ಕಾಣದ್ದು. ಅದು ನೆಲದ ಕೆಳಗಿನ ಹಗೇವು. ಕುಷ್ಟಗಿ, ಯಲಬುರ್ಗಾಗಳಲ್ಲಿ ವರ್ಷದ ಮಳೆ ಸುಮಾರು 600 ಮಿಲಿಮೀಟರ್ ಆದರೆ ಅದೇ ಒಳ್ಳೆಯ ವರ್ಷ. ಮಸಾರಿಯಲ್ಲಿ ಮುಂಗಾರಿ ಸಜ್ಜೆ, ಎರೆಯಲ್ಲಿ ಹಿಂಗಾರಿ ಬಿಳಿಜೋಳ. ಬೆಳೆ ಬರುವುದು ವರ್ಷಕ್ಕೊಂದು ಸಲ, ಅದೂ ಬಂದರೆ. ಹೀಗಾಗಿ ಒಂದು ವರ್ಷದ್ದನ್ನಲ್ಲ, ಎರಡು ಮೂರು ವರ್ಷದ್ದನ್ನು ಕೂಡಿಡಬೇಕು. ಅಷ್ಟು ಜೋಳ ಯಾವ ಮನೆಯೊಳಗೂ ಹಿಡಿಯುವುದಿಲ್ಲ. ಮನೆಯ ಅಂಗಳದಲ್ಲೋ ಓಣಿಯಲ್ಲೋ ಗಟ್ಟಿ ನೆಲವನ್ನು ಆರಿಸಿ, ಗಡಿಗೆಯ ಆಕಾರದಲ್ಲಿ, ಬಾಯಿ ಕಿರಿದು ಹೊಟ್ಟೆ ಹಿರಿದಾಗಿ ಅಗೆಯುತ್ತಿದ್ದರು. ಒಳಗೆ ಒಣ ಹುಲ್ಲು ಸೊಪ್ಪೆಯ ಹಾಸು. ಜೋಳ ತುಂಬಿ, ಮೇಲೆ ಮತ್ತೆ ಹುಲ್ಲು ಹೊದಿಸಿ, ಬಾಯಿಗೆ ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿದರೆ ಮುಗಿಯಿತು. ಮೇಲೆ ಜನ ಓಡಾಡಬಹುದು, ಬಂಡಿ ನಿಲ್ಲಿಸಬಹುದು.

ಗಾಳಿಯಾಡದ ಆ ಕುಣಿಯೊಳಗೆ ಕಾಳೂ ಹುಳುವೂ ಉಸಿರಾಡುತ್ತ ಆಮ್ಲಜನಕವನ್ನು ಮುಗಿಸುತ್ತವೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ, ಹುಳು ಸಾಯುತ್ತದೆ. ಔಷಧಿ ಹಾಕದೆ ಜೋಳ ವರ್ಷಗಟ್ಟಲೆ ಉಳಿಯುವುದರ ಗುಟ್ಟು ಇಷ್ಟೇ. ಗೋಡೆಗೆ ತಾಗಿದ ಕಾಳು ಮಾತ್ರ ಮುಗ್ಗುತ್ತಿತ್ತು. ಹುಳುವನ್ನು ಕೊಲ್ಲುವ ಗಾಳಿ ಮನುಷ್ಯನನ್ನೂ ಕೊಲ್ಲುತ್ತದೆ. ಚಪ್ಪಡಿ ತೆಗೆದು, ಸಾಕಷ್ಟು ಹೊತ್ತು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ, ಅದು ಆರದೆ ಉರಿದರೆ ಮಾತ್ರ ಆಳು ಇಳಿಯಬೇಕು. ಅವಸರ ಮಾಡಿ ಉಸಿರುಗಟ್ಟಿ ಸತ್ತವರಿದ್ದಾರೆ. ಇಳಿಯುತ್ತಿದ್ದವನು ಜೋಳದ ಒಡೆಯನಲ್ಲ, ಕೂಲಿಯವನು ಎಂಬುದನ್ನೂ ಹೇಳಬೇಕು.

ಹಗೇವು ಎಲ್ಲರ ಮನೆಯ ಮುಂದೆಯೂ ಇರಲಿಲ್ಲ. ಊರ ಗೌಡ, ದೇಸಾಯಿ, ಉಳ್ಳ ಒಕ್ಕಲಿಗರ ಮನೆಗಳಿಗೆ ಅದು ಸೇರಿದ್ದು. ಸಂಜೆಗೆ ಕೂಲಿಯಾಗಿ ನಾಲ್ಕು ಸೇರು ಜೋಳ ಪಡೆದು ಅಂದೇ ಬೀಸಿ ಅಂದೇ ಉಣ್ಣುವ ಕುಟುಂಬಕ್ಕೆ ಗಡಿಗೆಯನ್ನು ಅಡಕುವ ಪ್ರಶ್ನೆಯೇ ಏಳುವುದಿಲ್ಲ. ಒಂದೇ ಕೋಣೆ, ಮೂರು ಕಲ್ಲಿನ ಒಲೆ, ಒಂದು ಹರವಿ ನೀರು, ಒಂದು ಗಡಿಗೆ. ಅಲ್ಲಿ ಜಾಗಕ್ಕೆ ಕೊರತೆಯಿರಲಿಲ್ಲ, ಇಡಲು ಏನೂ ಇರಲಿಲ್ಲ. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಬಡಿದ ಮಹಾಬರ ನಿಜಾಮ್ ಸಂಸ್ಥಾನದ ದಕ್ಷಿಣದ ಈ ಭಾಗವನ್ನೂ ಬಿಡಲಿಲ್ಲ. ಅಂಥ ವರ್ಷಗಳಲ್ಲಿ ಬದುಕುವವರು ಯಾರು, ಊರು ಬಿಟ್ಟು ಹೋಗುವವರು ಯಾರು ಎಂಬುದನ್ನು ನೆಲದಡಿಯ ಕುಣಿ ನಿರ್ಧರಿಸುತ್ತಿತ್ತು. ಹಳೆಯ ಅಡುಗೆಮನೆಯನ್ನು ಹೊಗಳುವಾಗ ನಾವು ಹೊಗಳುತ್ತಿರುವುದು ಯಾರ ಅಡುಗೆಮನೆಯನ್ನು ಎಂದು ಕೇಳಿಕೊಳ್ಳಬೇಕಾಗುತ್ತದೆ.

ಅಡುಗೆಮನೆಯ ಜಾಗವನ್ನು ಶಾಸ್ತ್ರೀಯವಾಗಿ ಅಳೆದವರ ಮಾತು ಬಂದರೆ ಎಲ್ಲರೂ ಜರ್ಮನಿಯ ಫ್ರಾಂಕ್‌ಫರ್ಟ್ ನಗರವನ್ನು ಹೆಸರಿಸುತ್ತಾರೆ. 1926ರಲ್ಲಿ ಮಾರ್ಗರೆಟೆ ಲಿಹೊಟ್ಸ್ಕಿ ಎಂಬ ವಾಸ್ತುಶಿಲ್ಪಿ ಕಾರ್ಮಿಕರ ಮನೆಗಳಿಗಾಗಿ ಒಂದು ಅಡುಗೆಮನೆ ರೂಪಿಸಿದಳು. ಅಗಲ 1.9 ಮೀಟರ್, ಉದ್ದ 3.4 ಮೀಟರ್; ಅಂದರೆ ನಮ್ಮ ಮಾಳಿಗೆ ಮನೆಯ ಅಡುಗೆಮನೆಗಿಂತಲೂ ಕಿರಿದು. ರೈಲಿನ ಊಟದ ಡಬ್ಬಿಯ ಅಡುಗೆಕೋಣೆ ಆಕೆಗೆ ಮಾದರಿ. ಗೃಹಿಣಿ ಎಷ್ಟು ಹೆಜ್ಜೆ ನಡೆಯುತ್ತಾಳೆ, ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಲೆಕ್ಕ ಹಾಕಿ, ಹಿಟ್ಟು ಸಕ್ಕರೆ ಅಕ್ಕಿಗಳಿಗೆ ಹೆಸರು ಬರೆದ ಅಲ್ಯೂಮಿನಿಯಂ ಸೆಳೆಖಾನೆಗಳನ್ನು ಕೂಡಿಸಿದಳು. ಅಂಥವು ಸುಮಾರು 10,000 ಮನೆಗಳಲ್ಲಿ ಬಂದವು. ಇಂದಿನ ಮಾಡ್ಯುಲರ್ ಕಿಚನ್ ಅದರ ಮೊಮ್ಮಗಳು.

ಆ ಸೆಳೆಖಾನೆಯಲ್ಲಿ ಹಿಡಿಯುವುದು ಕೆಲವು ದಿನಗಳ ಹಿಟ್ಟು. ಮುಗಿದರೆ ಬೀದಿಯಲ್ಲಿ ಅಂಗಡಿ ಇದೆ ಎಂಬ ನಂಬಿಕೆಯ ಮೇಲೆ ಫ್ರಾಂಕ್‌ಫರ್ಟಿನ ಅಡುಗೆಮನೆ ನಿಂತಿತ್ತು. ಯಲಬುರ್ಗಾದ ಅಡುಗೆಮನೆ ಮಳೆ ಬಾರದೆ ಹೋಗಬಹುದು ಎಂಬ ಅಂಜಿಕೆಯ ಮೇಲೆ ನಿಂತಿತ್ತು. ಅಲ್ಲಿ ಉಳಿಸಬೇಕಾದದ್ದು ಹೆಜ್ಜೆ, ಇಲ್ಲಿ ಕಾಳು.

ಹಾಗೆಂದು ಇಲ್ಲಿ ಹೆಜ್ಜೆಯ ಲೆಕ್ಕ ಇರಲೇ ಇಲ್ಲವೆನ್ನಲಾಗದು. ಜೋಳದ ರೊಟ್ಟಿ ಮಾಡುವವಳನ್ನು ಗಮನಿಸಿ. ಮಣೆಯ ಮೇಲೆ ಕೂತವಳು ಮತ್ತೆ ಏಳುವುದು ಕೊನೆಯ ರೊಟ್ಟಿ ಬೆಂದ ಮೇಲೆ. ಎದುರಿಗೆ ಒಲೆ, ಅದರ ಮೇಲೆ ಹಂಚು, ಪಕ್ಕದ ಕೋಡೊಲೆಯ ಮೇಲೆ ಅದೇ ಉರಿಯಲ್ಲಿ ಕುದಿಯುವ ಬೇಳೆ. ಮುಂದೆ ಕೊಣಮಿಗೆ, ಒಂದು ಕೈಯಳತೆಯಲ್ಲಿ ಹಿಟ್ಟು, ಇನ್ನೊಂದು ಕೈಯಳತೆಯಲ್ಲಿ ನೀರು, ಅದರಲ್ಲಿ ಅದ್ದಿದ ಅರಿವೆ. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, ತಿರುವಿ, ಒಲೆಯ ಬಾಯಿಯ ಕೆಂಡಕ್ಕೆ ಎದುರಾಗಿ ನಿಲ್ಲಿಸಿದರೆ ಉಬ್ಬುತ್ತದೆ. ಅಷ್ಟರಲ್ಲಿ ಮುಂದಿನದು ಕೊಣಮಿಗೆಯ ಮೇಲೆ ಅರ್ಧ ಆಗಿರುತ್ತದೆ. ನಡುವೆ ಕೈ ಬಿಡುವು ಮಾಡಿ ಹತ್ತಿಕಟ್ಟಿಗೆ ಮುಂದಕ್ಕೆ ದೂಡುವುದು ಬೇರೆ.

ಆದರೆ ಕಿಟಕಿಯಿಲ್ಲದ ಆ ಕೋಣೆಯ ಹೊಗೆಯೆಲ್ಲ ಅವಳ ಕಣ್ಣಿಗೆ, ಪುಪ್ಪುಸಕ್ಕೆ. ಬೀಜದ ತೆನೆಯನ್ನು ಕಾಯುತ್ತಿದ್ದ ಹೊಗೆಯೇ ಕೂತವಳ ಆಯುಷ್ಯವನ್ನು ತಿನ್ನುತ್ತಿತ್ತು. ಅದನ್ನು ಒಂದು ಸಮಸ್ಯೆಯೆಂದು ಎಣಿಸಿ ವಿಜ್ಞಾನಿಗಳು ಕೈಹಾಕಿದ್ದು ತಡವಾಗಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ ‘ಅಸ್ತ್ರ’ ವಿಭಾಗದಿಂದ ಕೊಳವೆಯುಳ್ಳ ಅಸ್ತ್ರ ಒಲೆ ಬಂದು, 1980ರ ದಶಕದಲ್ಲಿ ರಾಜ್ಯದ ಹಳ್ಳಿಗಳಿಗೆ ಹೋಯಿತು. ಅಡುಗೆ ಅನಿಲ ಬಡವರ ಮನೆಗೆ ದೊಡ್ಡ ಪ್ರಮಾಣದಲ್ಲಿ ಬಂದದ್ದು 2016ರ ಉಜ್ವಲಾ ಯೋಜನೆಯಿಂದೀಚೆಗೆ.

ಅಷ್ಟರಲ್ಲಿ ಅಡುಗೆಮನೆಯ ತಳಹದಿಯೇ ಬದಲಾಗಿತ್ತು. 1945ರಲ್ಲಿ ಆರಂಭವಾದ ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು, ಎಡದಂಡೆ ಕಾಲುವೆಯ ನೀರು ಗಂಗಾವತಿಯ ಹೊಲಗಳಿಗೆ ಬಂತು. ಜೋಳದ ನೆಲ ಭತ್ತದ ನೆಲವಾಯಿತು. ಆಂಧ್ರದ ಕಡೆಯಿಂದ ಬಂದು ನೆಲೆಸಿದ ರೈತರ ಊರುಗಳಿಗೆ ‘ಕ್ಯಾಂಪ್’ ಎಂಬ ಹೆಸರು ಇಂದಿಗೂ ಅಂಟಿಕೊಂಡಿದೆ. ಭತ್ತ ಮನೆಗೆ ಬರುವುದಿಲ್ಲ, ನೇರ ಗಿರಣಿಗೆ ಹೋಗುತ್ತದೆ; ಮನೆಗೆ ಬರುವುದು ಅಕ್ಕಿಯ ಚೀಲ. ನೀರಾವರಿಯಿಂದ ತೇವ ಹಿಡಿದ ನೆಲದಲ್ಲಿ ಹಗೇವು ಉಳಿಯುವುದಿಲ್ಲ. ಕುಷ್ಟಗಿ, ಯಲಬುರ್ಗಾಗಳಿಗೆ ಕಾಲುವೆಯ ಭಾಗ್ಯ ಹಾಗೆ ಬರಲಿಲ್ಲ. ಆದರೆ ಅಲ್ಲಿಯೂ ಹಿಟ್ಟಿನ ಗಿರಣಿ ಬಂದು ಬೀಸುಕಲ್ಲು ಹಿತ್ತಲ ಮೆಟ್ಟಿಲಾಯಿತು, ಸ್ಟೀಲ್ ಡಬ್ಬಿ ಬಂದು ಗಡಿಗೆ ಹೋಯಿತು, ಹೈಬ್ರಿಡ್ ಜೋಳ ಬಂದು ಕೂಡಿಡುವ ಹುರುಪು ಕುಂದಿತು. ಹಳೆಯ ಬಿಳಿಜೋಳದಷ್ಟು ತಾಳಿಕೆ ಅದಕ್ಕಿಲ್ಲವೆಂದು ರೈತರೇ ಹೇಳುತ್ತಾರೆ. ನ್ಯಾಯಬೆಲೆ ಅಂಗಡಿ, 2013ರ ನಂತರ ಅನ್ನಭಾಗ್ಯದ ಅಕ್ಕಿ, ಕೂಲಿಯವರ ಮನೆಯಲ್ಲೂ ಮೊದಲ ಸಲ ಒಂದು ತಿಂಗಳ ಕಾಳು ನಿಲ್ಲುವಂತೆ ಮಾಡಿದವು. ಹಗೇವಿನ ಅಂತ್ಯಕ್ಕಾಗಿ ಮರುಗುವವರು ಇದನ್ನೂ ತಕ್ಕಡಿಗೆ ಹಾಕಬೇಕು.

ಒಂದು ವಿಷಯದಲ್ಲಿ ಹಳೆಯ ಲೆಕ್ಕ ಇನ್ನೂ ನಡೆಯುತ್ತಿದೆ. ಪ್ರತಿ ವರ್ಷ ಜನವರಿಯ ಹೊತ್ತಿಗೆ ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಬಂದವರಿಗೆಲ್ಲ ದಾಸೋಹ. ಬೇಕಾಗುವುದು ಲಕ್ಷಗಟ್ಟಲೆ ರೊಟ್ಟಿ. ಅಷ್ಟನ್ನು ಒಂದೇ ಕಡೆ ಬೇಯಿಸುವುದಾದರೆ ಎಷ್ಟು ದೊಡ್ಡ ಅಡುಗೆಮನೆ ಬೇಕಾದೀತು! ಸುತ್ತಲಿನ ಹಳ್ಳಿಗಳ ಮನೆಮನೆಯಲ್ಲಿ ರೊಟ್ಟಿ ಬಡಿದು, ಒಣಗಿಸಿ, ಅಡಕಿ, ಬಂಡಿ ಟ್ರ್ಯಾಕ್ಟರುಗಳಲ್ಲಿ ತರುತ್ತಾರೆ. ಕಟಕ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಒಂದರ ಮೇಲೊಂದು ಪೇರಿಸಿದರೆ ಜಾಗವನ್ನೂ ಹೆಚ್ಚು ಬೇಡುವುದಿಲ್ಲ.

ಇನ್ನು 1990ರ ದಶಕದಿಂದ ಎದ್ದ ಆಶ್ರಯ ಮನೆಗಳಲ್ಲಿ, ಆಮೇಲಿನ ಸ್ಲ್ಯಾಬಿನ ಮನೆಗಳಲ್ಲಿ, ನಿಂತು ಅಡುಗೆ ಮಾಡುವ ಕಟ್ಟೆ ಬಂದಿದೆ, ಕಡಪಾ ಕಲ್ಲಿನ ಹಲಗೆಗಳು ಬಂದಿವೆ. ಆ ಕಟ್ಟೆಯ ಮೇಲೆ ಗ್ಯಾಸ್ ಒಲೆ, ಚಹ, ಅನ್ನ, ಸಾರು. ರೊಟ್ಟಿಗೆ ಮಾತ್ರ ಬಹಳ ಮನೆಗಳಲ್ಲಿ ಹಿತ್ತಲಲ್ಲಿ, ತಗಡಿನ ಮಾಡಿನ ಕೆಳಗೆ, ಇನ್ನೊಂದು ಒಲೆ ಉಳಿದುಕೊಂಡಿದೆ. ಎದುರಿಗೆ ಹಂಚು, ಬದಿಗೆ ಕೊಣಮಿಗೆ, ಹಿಟ್ಟು, ನೀರು, ಅರಿವೆ. ಹೊಗೆ ಈಗ ಬಯಲಿಗೆ ಹೋಗುತ್ತದೆ. ಒಳಗೆ ಬಾಗಿಲ ಹಿಂದೆ, ಅಡಕಲ ಗಡಿಗೆ ಇರುತ್ತಿದ್ದ ಮೂಲೆಯಲ್ಲಿ, ನೀಲಿ ಪ್ಲಾಸ್ಟಿಕ್ ಬ್ಯಾರಲ್ಲಿನ ತುಂಬ ಅಕ್ಕಿ, ಅದರ ಮುಚ್ಚಳದ ಮೇಲೆ ಜೋಳದ ಚೀಲ, ಚೀಲದ ಮೇಲೆ ಬೇಳೆಯ ಡಬ್ಬಿ.