ಹಾಲ್ ಟಿಕೆಟ್ಟಿಗೆ ಪೂಜೆ: ಪರೀಕ್ಷೆಯ ಅಂಜಿಕೆ ಬಂದ ದಾರಿ

ಮಾರ್ಚ್ ಬಂತೆಂದರೆ ನೊಣವಿನಕೆರೆ ಸುತ್ತಿನ ಮನೆಗಳ ದೇವರ ಗೂಡಿಗೆ ಹೊಸ ಕಾಗದವೊಂದು ಸೇರುತ್ತದೆ. ಅದು ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿಯ ಹಾಲ್ ಟಿಕೆಟ್. ಪಕ್ಕದಲ್ಲಿ ಕುಂಕುಮ ತಾಕಿಸಿದ ಪೆನ್ನು. ಬೇಟೆರಾಯಸ್ವಾಮಿ ಗುಡಿಗೋ ಕಾಡಸಿದ್ಧೇಶ್ವರ ಮಠಕ್ಕೋ ಒಂದು ಹೆಜ್ಜೆ ಹೋಗಿ ಬಂದರೆ ತಾಯಂದಿರಿಗೆ ಸಮಾಧಾನ. ನೋಡಿದರೆ ಬಹಳ ಹಳೆಯ ಪದ್ಧತಿ ಎನಿಸುತ್ತದೆ. ಆದರೆ ಹಾಲ್ ಟಿಕೆಟ್ ಹುಟ್ಟಿದ್ದೇ ಈಚೆಗೆ, ಅದರ ಹಿಂದಿನ ಅಂಜಿಕೆಯೂ ಅಷ್ಟೇ ಈಚಿನದು.

ಅದಕ್ಕೂ ಮೊದಲು ದೇವರ ಮುಂದೆ ಇಡುತ್ತಿದ್ದದ್ದು ಪುಸ್ತಕ. ನವರಾತ್ರಿಯ ಸರಸ್ವತಿ ಪೂಜೆಗೆ ಇಟ್ಟ ಹೊತ್ತಗೆಯನ್ನು ವಿಜಯದಶಮಿವರೆಗೆ ಮುಟ್ಟುವಂತಿರಲಿಲ್ಲ. ವರ್ಷವಿಡೀ ಓದಿಸುವ ಮನೆಯವರೇ ಆ ದಿನಗಳಲ್ಲಿ ಓದಬೇಡ ಎನ್ನುತ್ತಿದ್ದರು. ಓದುವವನಿಗೆ ಬಿಡುವೂ ಬೇಕೆಂಬುದು ಹಿರಿಯರಿಗೆ ಗೊತ್ತಿತ್ತು.

ಹಳ್ಳಿಯ ಹಳೆಯ ಪಾಠಶಾಲೆಯಾದ ಕೂಲಿಮಠದ ಕಾಲದಲ್ಲಿ ಗುರುತಿಲ್ಲದ ಊರಿನಲ್ಲಿ, ಗುರುತಿಲ್ಲದವರು ಕೊಟ್ಟ ಪ್ರಶ್ನೆಗೆ ಉತ್ತರ ಬರೆಯುವ ಪ್ರಸಂಗವೇ ಇರಲಿಲ್ಲ. ಮರಳ ಮೇಲೆ ಬೆರಳಿನಿಂದ ಅಕ್ಷರ ತಿದ್ದಿದ ಹುಡುಗ, ದಿನವೂ ಸಂಜೆ ಮಗ್ಗಿ ಒಪ್ಪಿಸಿ ಮನೆಗೆ ಹೋಗುತ್ತಿದ್ದ. ಆ ಮಠಗಳನ್ನು ಸ್ವರ್ಗವೆಂದು ಬಣ್ಣಿಸುವಂತಿಲ್ಲ. ಬೆತ್ತವಿತ್ತು, ಹುಡುಗರನ್ನು ಹಗ್ಗಕ್ಕೆ ತೂಗುಹಾಕುವ ಕೋದಂಡದ ಶಿಕ್ಷೆಯಿತ್ತು, ಎಲ್ಲ ಜಾತಿಯ ಮಕ್ಕಳಿಗೂ ಅಲ್ಲಿ ಜಾಗವಿರಲಿಲ್ಲ. ಆದರೆ ದಿನದಿನ ಒಪ್ಪಿಸುವ ಆ ರೂಢಿಯಲ್ಲಿ ಒಂದು ತಿರುಳಿತ್ತು. ತರಗತಿಯಲ್ಲಿ ಮತ್ತೆ ಮತ್ತೆ ನೆನಪಿನಿಂದಲೇ ಉತ್ತರ ಹೇಳಿಸುವ ಅಭ್ಯಾಸ ಮಾಡಿಸಿದಾಗ ಪರೀಕ್ಷೆಯ ದಿಗಿಲು ಕಡಿಮೆಯಾಯಿತೆಂದು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಭಾಗವಹಿಸಿದ ಅಮೆರಿಕದ ಶಾಲಾಮಕ್ಕಳಲ್ಲಿ ಬಹುಪಾಲು ಮಂದಿ ಹೇಳಿದ್ದಾರೆ. ಪುಸ್ತಕ ತೆರೆದಿಟ್ಟು ಹತ್ತು ಸಲ ಕಣ್ಣಾಡಿಸುವುದಕ್ಕಿಂತ, ಮುಚ್ಚಿಟ್ಟು ಒಂದು ಸಲ ಹೇಳಿ ನೋಡುವುದು ಮೇಲು.

1868ರಲ್ಲಿ ಬಿ.ಎಲ್. ರೈಸ್ ಅವರ ಯೋಜನೆಯಂತೆ ಮೈಸೂರು ಸೀಮೆಯಲ್ಲಿ ಹೋಬಳಿ ಶಾಲೆಗಳು ಶುರುವಾದವು. ಶಾಲೆ ಹೋಬಳಿಗೆ ಬಂತು. ದೊಡ್ಡ ಪರೀಕ್ಷೆ ಮಾತ್ರ ದೂರವೇ ಉಳಿಯಿತು. ಆ ಪರೀಕ್ಷೆಯ ವಂಶಾವಳಿಯೂ ದೂರದ್ದೇ. ಚೀನಾದ ಅರಸರು ಏಳನೇ ಶತಮಾನದ ಆರಂಭದಿಂದ 1905ರವರೆಗೆ ಅಧಿಕಾರಿಗಳನ್ನು ಲಿಖಿತ ಪರೀಕ್ಷೆಯಿಂದ ಆರಿಸಿದರು. ಅಭ್ಯರ್ಥಿಗಳು ಇಕ್ಕಟ್ಟಾದ ಗೂಡುಗಳಲ್ಲಿ ಹಗಲು ರಾತ್ರಿ ಕಳೆದು ಬರೆಯಬೇಕಿತ್ತು. 1855ರಲ್ಲಿ ಬ್ರಿಟಿಷರು ಇಂಡಿಯಾದ ಸಿವಿಲ್ ಸರ್ವಿಸ್‌ಗೆ ಸ್ಪರ್ಧಾ ಪರೀಕ್ಷೆ ತಂದರು. 1857ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ಹುಟ್ಟಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಗುವವರೆಗೆ ಈ ಸೀಮೆಯ ಹುಡುಗರ ಮೆಟ್ರಿಕ್ಯುಲೇಷನ್ ಹಣೆಬರಹ ನಿರ್ಧಾರವಾಗುತ್ತಿದ್ದದ್ದು ಮದ್ರಾಸಿನಲ್ಲೇ. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯನವರೂ ಬಿ.ಎಲ್., ಎಂ.ಎ.ಗಳಿಗೆ ಮದ್ರಾಸಿನ ದಾರಿ ಹಿಡಿದವರು.

1889ರ ಹೊತ್ತಿಗೆ ಬೆಂಗಳೂರು–ಹರಿಹರ ರೈಲು ದಾರಿ ತಿಪಟೂರನ್ನು ಹಾದುಹೋಯಿತು. ಕೊಬ್ಬರಿಯ ಜೊತೆಗೆ ಓದುವ ಹುಡುಗರೂ ಅದೇ ರೈಲು ಹತ್ತಿದರು. ಇಳಿದ ಊರಿನಲ್ಲಿ ಉಣ್ಣುವುದೆಲ್ಲಿ, ಮಲಗುವುದೆಲ್ಲಿ? ಹಳ್ಳಿ ಹುಡುಗನ ಎದೆ ಬಡಿತಕ್ಕೆ ಗಣಿತಕ್ಕಿಂತ ಮೊದಲ ಕಾರಣ ಇದೇ. ಈ ಕಷ್ಟವನ್ನು ಅರ್ಥಮಾಡಿಕೊಂಡವರು ಉಪದೇಶ ಮಾಡುತ್ತಾ ಕೂರಲಿಲ್ಲ, ಕಟ್ಟಡ ಕಟ್ಟಿದರು. ಗುಬ್ಬಿ ತೋಟದಪ್ಪನವರು ಬೆಂಗಳೂರಿನ ರೈಲು ನಿಲ್ದಾಣದ ಸಮೀಪ ಧರ್ಮಛತ್ರ ಕಟ್ಟಿಸಿದರು. ಅವರ ಧರ್ಮಸಂಸ್ಥೆಯಿಂದ ವಿದ್ಯಾರ್ಥಿನಿಲಯವೂ ನಡೆಯಿತು. ತುಮಕೂರಿನಲ್ಲಿ ಸಿದ್ಧಗಂಗಾ ಮಠ ಓದುವ ಮಕ್ಕಳಿಗೆ ಅನ್ನ, ಆಶ್ರಯ ಕೊಟ್ಟಿತು. 1926ರಲ್ಲಿ ಮೆಟ್ರಿಕ್ಯುಲೇಷನ್ ಪಾಸು ಮಾಡಿದ ಹುಡುಗನೊಬ್ಬ ಕೆಲಕಾಲ ಅಲ್ಲಿ ತಂಗಿದ್ದ. ಅವನೇ ಮುಂದೆ ಶಿವಕುಮಾರ ಸ್ವಾಮೀಜಿಯಾಗಿ ಸಾವಿರಾರು ಮಕ್ಕಳಿಗೆ ಅದೇ ಆಸರೆಯನ್ನು ಕೊಟ್ಟದ್ದು. ಗೊತ್ತಾದ ಹೊತ್ತಿಗೆ ಏಳುವುದು, ಸಾಲಾಗಿ ಕೂತು ಸಾಮೂಹಿಕ ಪ್ರಾರ್ಥನೆ, ಪಂಕ್ತಿಯಲ್ಲಿ ಊಟ, ಜೊತೆಗಾರರೊಂದಿಗೆ ಓದು. ಇದನ್ನು ಯಾರೂ ಪರೀಕ್ಷೆಯ ಸಿದ್ಧತೆ ಎಂದು ಕರೆಯಲಿಲ್ಲ. ನಾಳೆ ಪರೀಕ್ಷೆಯಿದ್ದರೂ ಇಂದಿನ ದಿನಚರಿ ಬದಲಾಗದ ಜಾಗದಲ್ಲಿ ಮನಸ್ಸು ತಾನಾಗಿ ನಿಲ್ಲುತ್ತದೆ.

ಇಷ್ಟಾದರೂ ಒಂದು ಕ್ರೌರ್ಯ ಉಳಿದೇ ಇತ್ತು. ತಪ್ಪಿದವನಿಗೆ ವರ್ಷವೇ ಹೋಗುತ್ತಿತ್ತು. ಆರ್.ಕೆ. ನಾರಾಯಣ್ ಮೈಸೂರಿನಲ್ಲಿ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ನಪಾಸಾಗಿ, ಒಂದು ವರ್ಷ ಮನೆಯಲ್ಲೇ ಓದುತ್ತಾ ಬರೆಯುತ್ತಾ ಕಳೆದು, 1926ರಲ್ಲಿ ದಾಟಿದರು. ಡಿ.ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ದಾಟಲೇ ಇಲ್ಲ. 1961ರಲ್ಲಿ ಮೈಸೂರು ವಿಶ್ವವಿದ್ಯಾಲಯ ಅವರಿಗೆ ಗೌರವ ಡಿ.ಲಿಟ್. ನೀಡಿತು. ಈ ಹೆಸರುಗಳನ್ನು ಹೇಳಿ ಮಕ್ಕಳಿಗೆ ಧೈರ್ಯ ತುಂಬುವುದು ವಾಡಿಕೆ. ಹೆಸರಾಗದೆ ತೋಟಕ್ಕೆ ಮರಳಿದ ನೂರಾರು ಬುದ್ಧಿವಂತರ ಲೆಕ್ಕವನ್ನು ಮಾತ್ರ ಯಾರೂ ಇಡಲಿಲ್ಲ.

1966ರಲ್ಲಿ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ಬಂತು, ಕೇಂದ್ರಗಳು ಹತ್ತಿರವಾದವು. 1994ರಲ್ಲಿ ಸಿಇಟಿ ಘಟಕ ಶುರುವಾದ ಮೇಲೆ ಗಡಿಯಾರ ಹತ್ತಿರವಾಯಿತು. ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಒಂದು ಪ್ರಶ್ನೆಗೆ ಒಂದು ನಿಮಿಷ ಇಪ್ಪತ್ತು ಸೆಕೆಂಡು. ಕೊಬ್ಬರಿ ದರ ನೋಡಿಕೊಂಡು ಕೋಚಿಂಗ್ ಶುಲ್ಕ ಕಟ್ಟುವ ಮನೆಯ ಮಗುವಿನ ತಲೆಯ ಮೇಲೆ ಆ ಸೆಕೆಂಡುಗಳ ಜೊತೆಗೆ ತಿಪಟೂರು ಮಾರುಕಟ್ಟೆಯ ಏರಿಳಿತವೂ ಕೂರುತ್ತದೆ.

ಅಂಜಿಕೆಗೆ ಮಗುವೊಂದೇ ಹೊಣೆಯಲ್ಲ ಎಂಬುದಕ್ಕೆ 2016ರ ಪಿಯುಸಿ ರಸಾಯನಶಾಸ್ತ್ರಕ್ಕಿಂತ ಬೇರೆ ಸಾಕ್ಷಿ ಬೇಡ. ಮಾರ್ಚ್ 21ರ ಪ್ರಶ್ನೆಪತ್ರಿಕೆ ಸೋರಿಕೆಯಾಯಿತು. ಮರುಪರೀಕ್ಷೆ ಗೊತ್ತಾಗಿದ್ದ ಮಾರ್ಚ್ 31ರದ್ದೂ ಸೋರಿತು. ಕೊನೆಗೆ ಏಪ್ರಿಲ್ 12ರಂದು ಮಕ್ಕಳು ಆ ವಿಷಯ ಬರೆದು ಮುಗಿಸಿದರು. ಮೂರು ವಾರ ಒಂದೇ ವಿಷಯವನ್ನು ಎದೆಯಲ್ಲಿಟ್ಟುಕೊಂಡು ನಿದ್ದೆಗೆಟ್ಟವರಿಗೆ ಯಾವ ಪ್ರಾಣಾಯಾಮ ಹೇಳಿಕೊಡಬೇಕಿತ್ತು?

ಅದೇ ವ್ಯವಸ್ಥೆ ನೆಮ್ಮದಿಯನ್ನೂ ಕೊಡಬಲ್ಲದು. ಪ್ರಶ್ನೆಪತ್ರಿಕೆ ಓದಿಕೊಳ್ಳಲೆಂದೇ ಕೊಡುವ 15 ನಿಮಿಷ ಅಂಥದ್ದು. ಕೈ ನಡುಗುವವನಿಗೆ ಆ ಕಾಲು ಗಂಟೆ ದೊಡ್ಡ ಆಸರೆ. 2020ರ ಜೂನ್ 25ರಿಂದ ಕೊರೋನಾ ನಡುವೆಯೇ ಎಸ್ಸೆಸ್ಸೆಲ್ಸಿ ನಡೆದಾಗ ಶಿಕ್ಷಕರು ಬಾಗಿಲಲ್ಲಿ ನಿಂತು ಮಾಸ್ಕ್ ನೋಡಿ, ಜ್ವರ ನೋಡಿ, ಅಂತರ ಬಿಟ್ಟು ಕೂರಿಸಿದರು. 2024ರಲ್ಲಿ ಕೊಠಡಿಗಳಿಗೆ ವೆಬ್‌ಕ್ಯಾಮೆರಾ ಬಂದು, ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಎಲ್ಲರೂ ಆ ಅಂಕಿಯನ್ನೇ ಮಾತಾಡಿದರು. ಅದೇ ವರ್ಷ ಜಾರಿಯಾದ ಮೂರು ಪರೀಕ್ಷೆಗಳ ಪದ್ಧತಿ ಅದಕ್ಕಿಂತ ದೊಡ್ಡ ಸುದ್ದಿ. ಮೊದಲ ಸಲ ತಪ್ಪಿದವರಿಗೆ ಅದೇ ವರ್ಷ ಇನ್ನೆರಡು ಅವಕಾಶ ಸಿಕ್ಕವು. ನಾರಾಯಣ್ ಕಾಲದಲ್ಲಿ ವರ್ಷ ಕಾಯಬೇಕಿದ್ದದ್ದು ಈಗ ಕೆಲವು ವಾರಗಳಿಗೆ ಇಳಿದಿದೆ. ನೂರೈವತ್ತು ವರ್ಷಗಳ ಈ ಕಥೆಯಲ್ಲಿ ಮಕ್ಕಳ ಎದೆಯ ಭಾರವನ್ನು ಇಷ್ಟು ಇಳಿಸಿದ ತೀರ್ಮಾನ ಇನ್ನೊಂದಿಲ್ಲ.

ನೊಣವಿನಕೆರೆ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಶಾಲೆಗಳು ಇದರ ಮೇಲೆ ಖರ್ಚಿಲ್ಲದ ಎರಡು ಕೆಲಸ ಸೇರಿಸಬಹುದು. ಪರೀಕ್ಷಾ ಕೇಂದ್ರ ಬೇರೆ ಊರಿನಲ್ಲಿದ್ದರೆ ಮುಂಚೆಯೇ ಮಕ್ಕಳನ್ನು ಕರೆದೊಯ್ದು ಕೊಠಡಿ, ನೀರಿನ ನಲ್ಲಿ, ಬಸ್ಸಿನ ಹೊತ್ತು ತೋರಿಸಿ ಬರುವುದು ಒಂದು. ಮನಸ್ಸಿನ ಭಯವನ್ನು ಹತ್ತು ನಿಮಿಷ ಕಾಗದದ ಮೇಲೆ ಬರೆಸುವುದು ಇನ್ನೊಂದು. ಪರೀಕ್ಷೆಗೆ ತುಸು ಮುಂಚೆ ಹಾಗೆ ಬರೆದ ಅಂಜುಬುರುಕ ವಿದ್ಯಾರ್ಥಿಗಳು ಹೆಚ್ಚು ಚೆನ್ನಾಗಿ ಉತ್ತರಿಸಿದರೆಂದು 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ರಾಮಿರೆಜ್ ಮತ್ತು ಬೈಲಾಕ್ ತೋರಿಸಿದ್ದಾರೆ. ಮನೆಯವರು ಹಾಲ್ ಟಿಕೆಟ್ಟಿಗೆ ಪೂಜೆ ಮಾಡಲಿ, ತಪ್ಪೇನಿಲ್ಲ. ಅಂದು ರಾತ್ರಿ ಬೇಗ ದೀಪ ಆರಿಸಿ ಮಗುವನ್ನು ಮಲಗಿಸಲಿ. ಊಟ ನಿದ್ದೆ ಬಿಟ್ಟು ಮಂಕಾದ ಮಗು ಕಂಡರೆ ಕಾಯಬೇಡಿ: ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.